ಹೊಸ ಮೋಟಾರು ಗಾಡಿಯಲ್ಲಿ ಬಿಡದ ನಡುಕ: ಅದರ ನಿದಾನವೂ ಪರಿಹಾರವೂ

ಪೀಠಿಕೆ.— ಹಿಂದಿನ ಕಾಲದಲ್ಲಿ ಜಮೀನುದಾರರ ಮನೆಯ ಮುಂದೆ ಕಮಾನುಗಾಡಿಯೂ ಒಂದು ಜೊತೆ ಒಳ್ಳೆಯ ಎತ್ತುಗಳೂ ನಿಂತಿರುತ್ತಿದ್ದುವು. ಈಗ ಆ ಸ್ಥಳದಲ್ಲಿ ಜೀಪೋ, ಸಾಮಾನು ಸಾಗಿಸುವ ಪಿಕಪ್ ಗಾಡಿಯೋ ನಿಂತಿರುವುದನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದು. ರೇಷ್ಮೆಗೂಡು, ಟೊಮೇಟೊ, ಕಾಫಿ ಮೊದಲಾದ ಪದಾರ್ಥಗಳನ್ನು ಮಾರುಕಟ್ಟೆಗೆ ಮುಟ್ಟಿಸುವುದಕ್ಕೂ, ಗೊಬ್ಬರ ತರುವುದಕ್ಕೂ, ರಾತ್ರಿಯ ವೇಳೆಯಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಇಡೀ ಗ್ರಾಮಕ್ಕೆ ಇಂತಹ ಗಾಡಿಯೇ ಆಧಾರವಾಗಿರುವುದುಂಟು. ಆದುದರಿಂದ ಇದರ ಆರೋಗ್ಯವು ಒಡೆಯನೊಬ್ಬನ ವಿಷಯವಷ್ಟೇ ಅಲ್ಲ.

ಎತ್ತು ಕುಂಟಿದರೆ ಅನುಭವಶಾಲಿಯಾದ ರೈತನು ಮೊದಲು ಅದನ್ನು ನಾಲ್ಕು ಹೆಜ್ಜೆ ನಡೆಸಿ ಯಾವ ಕಾಲು ಕುಂಟುತ್ತದೆಂದು ನೋಡಿ, ಆಮೇಲೆ ಆ ಕಾಲಿನ ಗೊರಸನ್ನು ಪರೀಕ್ಷಿಸುವನು. ನಾಲ್ಕು ಕಾಲುಗಳ ಲಾಳಗಳನ್ನೂ ಕೀಳಿಸಿ ಹೊಸದಾಗಿ ಕಟ್ಟಿಸುವುದಿಲ್ಲ. ಆದರೆ ಮೋಟಾರು ಗಾಡಿ ನಡುಗಿದಾಗ ಇದೇ ವಿವೇಕವನ್ನು ಅನೇಕರು ಉಪಯೋಗಿಸುವುದಿಲ್ಲ. ಗಾಡಿಯನ್ನು ಕೊಂಡು ಎರಡು ವರ್ಷವೂ ಆಗಿರುವುದಿಲ್ಲ; ಗಂಟೆಗೆ 70-80 ಕಿಲೋಮೀಟರು ವೇಗ ಬಂದೊಡನೆ ನೆಲಹಲಗೆಯೂ ಪೀಠವೂ ಅದುರತೊಡಗುತ್ತವೆ. ಮೊದಲು ಚಕ್ರಗಳ ತೂಕವನ್ನು ಸರಿಮಾಡಿಸುತ್ತಾರೆ, ನಡುಕ ನಿಲ್ಲುವುದಿಲ್ಲ. ಟೈರುಗಳನ್ನು ಬದಲಾಯಿಸುತ್ತಾರೆ, ಆಗಲೂ ನಿಲ್ಲುವುದಿಲ್ಲ. ಕೊನೆಗೆ ಒಂದೊಂದಾಗಿ ಭಾಗಗಳನ್ನು ಬದಲಿಸುತ್ತ ಹೋಗಿ ಹಣ ಕಳೆದುಕೊಳ್ಳುತ್ತಾರೆ, ಇಲ್ಲವೆ ನಡುಕವನ್ನು ಸಹಿಸಿಕೊಂಡೇ ಓಡಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕರ. ಸವೆದ ಕೀಲು ಒಂದು ದಿನ ಮುರಿದು, ತಿರುಗುತ್ತಿರುವ ಷಾಫ್ಟಿನ ಮುಂಬದಿಯು ರಸ್ತೆಗೆ ಬಿದ್ದು ಚುಚ್ಚಿಕೊಂಡರೆ ಗಾಡಿಯಲ್ಲಿರುವವರ ಪ್ರಾಣಕ್ಕೇ ಹಾನಿಯುಂಟು.

ಈ ಲೇಖನದಲ್ಲಿ ಹೇಳತಕ್ಕ ಮುಖ್ಯ ವಿಷಯವು ಒಂದೇ: ನಡುಕವನ್ನು ಮೊದಲು ಎಣಿಸಬೇಕು, ಆಮೇಲೆ ಹಣ ಖರ್ಚುಮಾಡಬೇಕು. ಗಾಡಿಯಲ್ಲಿ ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ವೇಗವಿರುವುದರಿಂದ, ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆಂದು ತಿಳಿದರೆ ಯಾವ ಭಾಗವು ಅದುರಿಸುತ್ತದೆಂಬುದನ್ನೂ ಬಹುಮಟ್ಟಿಗೆ ತಿಳಿಯಬಹುದು.

1. ಶಕ್ತಿಯು ಚಕ್ರಕ್ಕೆ ತಲಪುವ ಮಾರ್ಗ.— ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳಲ್ಲಿ ಎಂಜಿನಿನ ಶಕ್ತಿಯು ಗೇರು ಪೆಟ್ಟಿಗೆಗೆ ಬಂದು, ಅಲ್ಲಿಂದ ಗಾಡಿಯ ಅಡಿಯಲ್ಲಿ ಉದ್ದಕ್ಕೆ ಮಲಗಿರುವ ಒಂದು ಉಕ್ಕಿನ ಕೊಳವೆಯ ಮೂಲಕ ಹಿಂದಿನ ಅಚ್ಚಿಗೆ ಹೋಗುತ್ತದೆ. ಈ ಕೊಳವೆಗೆ ಪ್ರೊಪೆಲರ್ ಷಾಫ್ಟು ಎಂದು ಹೆಸರು. ಹಿಂದಿನ ಅಚ್ಚು ಕಮಾನು ಪಟ್ಟಿಗಳ ಮೇಲೆ ಏರಿಳಿಯುತ್ತಿರುವುದರಿಂದ ಷಾಫ್ಟಿನ ಎರಡು ತುದಿಗಳಲ್ಲಿಯೂ ಬಾಗುವ ಕೀಲುಗಳನ್ನು ಇಟ್ಟಿರುತ್ತಾರೆ. ಒಂದೊಂದು ಕೀಲಿನಲ್ಲಿಯೂ ಎರಡು ಕವಲುಗಳೂ ಅವುಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡೂ ಇರುತ್ತವೆ. ಕಾರ್ಖಾನೆಗಳಲ್ಲಿ ಈ ತುಂಡನ್ನು ಕ್ರಾಸ್ ಎನ್ನುತ್ತಾರೆ. ಹಿಂದಿನ ಅಚ್ಚಿನೊಳಗಿರುವ ಹಲ್ಲುಚಕ್ರಗಳು ಷಾಫ್ಟಿನ ವೇಗವನ್ನು ತಗ್ಗಿಸಿ ಚಕ್ರಗಳಿಗೆ ಕೊಡುತ್ತವೆ. ಷಾಫ್ಟು ಸುಮಾರು ನಾಲ್ಕು ಸುತ್ತು ತಿರುಗುವಾಗ ಚಕ್ರವು ಒಂದು ಸುತ್ತು ತಿರುಗುವ ಏರ್ಪಾಡು ಸಾಧಾರಣವಾದುದು. ನಿಮ್ಮ ಗಾಡಿಯ ಪ್ರಮಾಣವನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

2. ಎಣಿಕೆಯ ಕ್ರಮ.— ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅದು ನೆಲಕ್ಕೆ ತಾಗಿದ ಸ್ಥಳದಿಂದ ಗಾಡಿಯನ್ನು ಮೆಲ್ಲನೆ ತಳ್ಳಿ, ಗುರುತು ಮತ್ತೆ ನೆಲಕ್ಕೆ ತಾಗುವವರೆಗೆ ಎಷ್ಟು ದೂರವಾಯಿತೆಂದು ಅಳೆಯಬೇಕು. ಆ ಅಳತೆ 2.2 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 22 ಮೀಟರು. ಅದನ್ನು 2.2ರಿಂದ ಭಾಗಿಸಿದರೆ ಚಕ್ರವು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆಂದು ತಿಳಿಯುವುದು. ಅಚ್ಚಿನ ಪ್ರಮಾಣ ನಾಲ್ಕಕ್ಕೆ ಒಂದಾದರೆ ಷಾಫ್ಟು ಅದೇ ಸೆಕೆಂಡಿನಲ್ಲಿ 40 ಸುತ್ತು ತಿರುಗುವುದು. ಈ ಲೆಕ್ಕದಿಂದ ಮೂರು ಸಂಖ್ಯೆಗಳು ಸಿಕ್ಕುತ್ತವೆ:

(ಅ) ಸೆಕೆಂಡಿಗೆ 10 ಸಲ ಅದುರಿದರೆ ದೋಷವು ಚಕ್ರ, ಟೈರು, ಚಕ್ರದ ಬಳೆ ಇವುಗಳಲ್ಲಿರುವುದು.

(ಆ) 40 ಸಲ ಅದುರಿದರೆ ಷಾಫ್ಟಿನ ತೂಕ ಸಮನಾಗಿಲ್ಲ, ಅಥವಾ ಷಾಫ್ಟು ಸೊಟ್ಟಗಾಗಿದೆ ಎಂದು ಸಂದೇಹಿಸಬೇಕು.

(ಇ) 80 ಸಲ ಅದುರಿದರೆ ಕೀಲುಗಳ ಕೋನ ಅಥವಾ ಕವಲುಗಳ ಜೋಡಣೆ ತಪ್ಪಿರುವ ಸಂಭವ ಹೆಚ್ಚು.

ಕೈಗೂ ಕಿವಿಗೂ ಈ ಮೂರರ ಭೇದವು ಸ್ವಲ್ಪಮಟ್ಟಿಗೆ ತಿಳಿಯುವುದು. ಮೊದಲನೆಯದು ಕುಲುಕಾಟ, ಮುಂದಿನ ಚಕ್ರದ್ದಾದರೆ ಹೆಚ್ಚಾಗಿ ಸ್ಟೀರಿಂಗಿನಲ್ಲಿಯೂ, ಹಿಂದಿನದಾದರೆ ಪೀಠದಲ್ಲಿಯೂ ತೋರುವುದು. ಎರಡನೆಯದು ನೆಲಹಲಗೆಯಲ್ಲಿ ಪಾದಕ್ಕೆ ಜುಮ್ಮೆನ್ನಿಸುವ ಅದುರು. ಮೂರನೆಯದು ಅದುರಿಗಿಂತ ಹೆಚ್ಚಾಗಿ ದುಂಬಿಯ ಗುಂಯಿಗುಟ್ಟುವಿಕೆಯಂತೆ ಕೇಳಿಸುವುದು.

3. ರಸ್ತೆಯ ಮೇಲಣ ಪರೀಕ್ಷೆ.— ಜನಸಂಚಾರವಿಲ್ಲದ, ಸಮನಾದ ಡಾಂಬರು ರಸ್ತೆಯಲ್ಲಿ ಇಬ್ಬರು ಹೋಗತಕ್ಕದ್ದು. ಒಬ್ಬನು ಗಾಡಿಯನ್ನು ನಡೆಸಬೇಕು, ಇನ್ನೊಬ್ಬನು ಬರೆದುಕೊಳ್ಳಬೇಕು. ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಗಾಡಿಯಾದರೆ, ಎರಡು ಚಕ್ರಗಳ ಸ್ಥಿತಿಯಲ್ಲಿ ಮಾತ್ರ ಇದೆಯೆಂದು ಮೊದಲೇ ನೋಡಿಕೊಳ್ಳಬೇಕು.

ಮೊದಲನೆಯ ಪರೀಕ್ಷೆ: ಗಾಡಿಯನ್ನು ನಿಲ್ಲಿಸಿ, ಗೇರಿಲ್ಲದೆ, ನಡುಕ ಬರುವಾಗ ಎಂಜಿನು ಎಷ್ಟು ವೇಗವಾಗಿ ತಿರುಗುತ್ತಿತ್ತೋ ಅಷ್ಟು ವೇಗಕ್ಕೆ ಏರಿಸಬೇಕು. ಅದೇ ನಡುಕ ನಿಂತಲ್ಲಿಯೂ ಬಂದರೆ ದೋಷವು ಎಂಜಿನು, ಕ್ಲಚ್ಚು, ಅಥವಾ ಎಂಜಿನನ್ನು ಹೊತ್ತಿರುವ ರಬ್ಬರು ಮೆತ್ತೆಗಳಲ್ಲಿರುವುದು, ಷಾಫ್ಟನ್ನು ಮುಟ್ಟಬೇಕಾದುದಿಲ್ಲ.

ಎರಡನೆಯ ಪರೀಕ್ಷೆ: ಗಂಟೆಗೆ 80 ಕಿಲೋಮೀಟರಿನಲ್ಲಿ ನಾಲ್ಕನೆಯ ಗೇರಿನಲ್ಲಿಯೂ, ಅನಂತರ ಅದೇ ವೇಗದಲ್ಲಿ ಐದನೆಯ ಗೇರಿನಲ್ಲಿಯೂ ಓಡಿಸಿ ನೋಡಬೇಕು. ಇದು ಬಹು ಮುಖ್ಯವಾದ ಪರೀಕ್ಷೆ. ಐದು ಗೇರುಗಳುಳ್ಳ ಅನೇಕ ಗಾಡಿಗಳಲ್ಲಿ ನಾಲ್ಕನೆಯ ಗೇರಿನಲ್ಲಿ ಎಂಜಿನು ಮತ್ತು ಷಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನು ಒಂದು ಸುತ್ತಿಗೆ ಎರಡು ಸಲ ಸಿಡಿಯುವುದರಿಂದ ಅದೂ 80 ಸಲವೇ ಅದುರಿಸುವುದು. ಕೀಲಿನ ದೋಷವೂ 80 ಸಲವೇ ಅದುರಿಸುವುದು. ಎರಡೂ ಒಂದೇ ವೇಷದಲ್ಲಿ ಬಂದಾಗ ಗುರುತಿಸುವುದು ಹೇಗೆ? ಐದನೆಯ ಗೇರಿಗೆ ಹಾಕಿದೊಡನೆ ಎಂಜಿನಿನ ವೇಗ ತಗ್ಗುವುದು. ಆ ಗೇರಿನ ಪ್ರಮಾಣ 0.8 ಆದರೆ ಎಂಜಿನು ಸೆಕೆಂಡಿಗೆ 32 ಸುತ್ತು ತಿರುಗಿ 64 ಸಲ ಸಿಡಿಯುವುದು. ಷಾಫ್ಟಾದರೋ ರಸ್ತೆಯ ವೇಗಕ್ಕೆ ಕಟ್ಟುಬಿದ್ದಿರುವುದರಿಂದ ಮೊದಲಿನಂತೆ 40 ಸುತ್ತೇ ತಿರುಗುವುದು. ಆದುದರಿಂದ ಗೇರು ಬದಲಾದಾಗ ನಡುಕದ ಸಂಖ್ಯೆ ಬದಲಾದರೆ ತಪ್ಪು ಎಂಜಿನಿನದು. ಬದಲಾಗದಿದ್ದರೆ ಷಾಫ್ಟಿನದು ಅಥವಾ ಚಕ್ರದ್ದು.

ಮೂರನೆಯ ಪರೀಕ್ಷೆ: ಅದೇ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರನ್ನು ನ್ಯೂಟ್ರಲ್ ಸ್ಥಾನಕ್ಕೆ ತಂದು ಕೆಲವು ಕ್ಷಣ ಗಾಡಿಯನ್ನು ಹಾಗೆಯೇ ಉರುಳಲು ಬಿಡಬೇಕು. ಈ ಸಮಯದಲ್ಲಿ ಎಂಜಿನನ್ನು ಎಂದಿಗೂ ಆರಿಸಕೂಡದು; ಆರಿಸಿದರೆ ಬ್ರೇಕಿನ ಸಹಾಯಶಕ್ತಿ ಹೋಗಬಹುದು, ಸ್ಟೀರಿಂಗು ಬಿಗಿದುಕೊಳ್ಳಬಹುದು. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಕೂಡದು. ಶಕ್ತಿಯಿಲ್ಲದೆ ಉರುಳುವಾಗಲೂ ನಡುಕವಿದ್ದರೆ ತೂಕದ ದೋಷವೆಂದೂ, ಎಳೆಯುವಾಗ ಮಾತ್ರ ಬಂದು ಉರುಳುವಾಗ ಮಾಯವಾದರೆ ಕೀಲಿನ ಸವೆತ, ಕೋನ, ರಬ್ಬರು ಮೆತ್ತೆ ಇವುಗಳ ದೋಷವೆಂದೂ ಊಹಿಸಬಹುದು.

4. ಎಣಿಸುವ ಸಾಧನ.— ಈಚಿನ ಮೊಬೈಲ್ ಫೋನುಗಳಲ್ಲಿ ಅದುರನ್ನು ಅರಿಯುವ ಒಂದು ಸಣ್ಣ ಮಾಪಕವಿರುತ್ತದೆ. ಇದರ ಅಳತೆಯನ್ನು ಸಂಖ್ಯೆಯಾಗಿ ತೋರಿಸುವ ಆ್ಯಪುಗಳು ದೊರೆಯುತ್ತವೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ವಿಜ್ಞಾನ ಪಾಠಕ್ಕಾಗಿ 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬುದು ಇಂತಹುದೊಂದು, ಅದಕ್ಕೆ ಬೆಲೆಯಿಲ್ಲ. ಫೋನನ್ನು ಪೀಠದ ಕೆಳಗಿನ ನೆಲಹಲಗೆಗೆ ಗಟ್ಟಿಯಾಗಿ ಅಂಟುಪಟ್ಟಿಯಿಂದ ಬಿಗಿದು, ನಡುಕ ಬರುವ ವೇಗದಲ್ಲಿ ಗಾಡಿಯನ್ನು ಸ್ಥಿರವಾಗಿ ಓಡಿಸಿದರೆ, ಯಾವ ಸಂಖ್ಯೆಯ ಬಳಿ ಗೆರೆ ಎತ್ತರವಾಗಿ ನಿಲ್ಲುವುದೋ ಅದೇ ನಡುಕದ ಸಂಖ್ಯೆ. ನೋಡುವ ಕೆಲಸ ಜೊತೆಯವನದು. ಚಾಲಕನು ಫೋನಿನ ಕಡೆ ಕಣ್ಣು ಹಾಯಿಸಕೂಡದು.

ಒಂದು ಎಚ್ಚರಿಕೆ ಇದೆ. ಸೆಕೆಂಡಿಗೆ 100 ಸಲ ಮಾತ್ರ ಅಳೆಯುವ ಫೋನು 50ಕ್ಕೆ ಮೇಲ್ಪಟ್ಟ ನಡುಕವನ್ನು ಸರಿಯಾಗಿ ತೋರಿಸಲಾರದು. 80ನ್ನು 20 ಎಂದು ತೋರಿಸಿ ಮೋಸಗೊಳಿಸುವುದು. ಆದುದರಿಂದ ಫೋನು ಎಷ್ಟು ಸಲ ಅಳೆಯುತ್ತದೆಂದು ಮೊದಲು ನೋಡಿಕೊಂಡು, ಅದರ ಅರ್ಧಕ್ಕಿಂತ ಕೆಳಗಿನ ಸಂಖ್ಯೆಗಳನ್ನು ಮಾತ್ರ ನಂಬತಕ್ಕದ್ದು.

5. ಚಕ್ರದಲ್ಲಿ ದೋಷವಿದ್ದರೆ.— ಸಂಖ್ಯೆ 10ರ ಸಮೀಪ ಬಂದರೆ ಚಕ್ರಗಳನ್ನು ಕಳಚಿ ಒಳಮೈಯನ್ನು ನೋಡಬೇಕು. ಗದ್ದೆಯ ಬದುವಿನಲ್ಲಿಯೂ ಎರೆಮಣ್ಣಿನ ದಾರಿಯಲ್ಲಿಯೂ ಓಡಾಡಿದ ಗಾಡಿಯ ಚಕ್ರದ ಬಳೆಯೊಳಗೆ ಕೆಸರು ಒಂದೇ ಕಡೆ ಒಣಗಿ ಅಂಟಿಕೊಂಡಿರುವುದು ಸಾಮಾನ್ಯ. ಇದನ್ನು ಕೆರೆದು ತೊಳೆಯುವುದಕ್ಕೆ ಕಾಸಿನ ಖರ್ಚೂ ಇಲ್ಲ. ಆದರೆ ತೊಳೆಯದೆ ತೂಕ ಸರಿಮಾಡಿಸಿದರೆ, ಕೆಸರು ಉದುರಿದ ದಿನ ನಡುಕವು ಮತ್ತೆ ಬರುವುದು. ತರುವಾಯ ಬಳೆ ಸೊಟ್ಟಗಾಗಿದೆಯೇ, ಟೈರಿನ ಪಕ್ಕದಲ್ಲಿ ಉಬ್ಬು ಇದೆಯೇ, ನಟ್ಟುಗಳು ಸಮವಾಗಿ ಬಿಗಿದಿವೆಯೇ ಎಂದು ಪರೀಕ್ಷಿಸಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದಾಗ ನಡುಕದ ಸ್ಥಳ ಬದಲಾದರೆ ದೋಷವು ಚಕ್ರದಲ್ಲಿಯೇ ಇದೆಯೆಂದು ದೃಢವಾಗುವುದು.

6. ಷಾಫ್ಟಿನ ತೂಕದ ದೋಷ.— ಸಂಖ್ಯೆ 40ರ ಸಮೀಪ ಬಂದರೆ ಚಕ್ರಗಳ ಮೇಲೆ ಇನ್ನೊಂದು ರೂಪಾಯಿಯನ್ನೂ ಖರ್ಚುಮಾಡಕೂಡದು. ಷಾಫ್ಟಿನ ಮೇಲೆ ಒಂದು ಪಕ್ಕಕ್ಕೆ 10 ಗ್ರಾಂ ಕೆಸರು ಅಂಟಿದೆಯೆಂದು ಭಾವಿಸೋಣ. ನಡುಗೆರೆಯಿಂದ ಅದು 4 ಸೆಂಟಿಮೀಟರು ದೂರದಲ್ಲಿದ್ದರೆ, ಸೆಕೆಂಡಿಗೆ 40 ಸುತ್ತಿನ ವೇಗದಲ್ಲಿ ಅದು ಷಾಫ್ಟನ್ನು ಸುಮಾರು ಎರಡೂವರೆ ಕಿಲೋಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುವುದು. ವೇಗವು ಎರಡರಷ್ಟಾದರೆ ಈ ಎಳೆತವು ನಾಲ್ಕರಷ್ಟಾಗುವುದು. ಗಂಟೆಗೆ 40 ಕಿಲೋಮೀಟರಿನಲ್ಲಿ ಶಾಂತವಾಗಿರುವ ಗಾಡಿಯು 80ರಲ್ಲಿ ಅದುರುವುದಕ್ಕೆ ಇದೇ ಕಾರಣ.

ಪರೀಕ್ಷಿಸುವ ಕ್ರಮ ಹೀಗೆ: ಷಾಫ್ಟಿಗೆ ಅಂಟಿದ ಕೆಸರು, ಡಾಂಬರು, ಸುತ್ತಿಕೊಂಡ ಹುಲ್ಲು, ಹಗ್ಗ, ಗೋಣಿನಾರು ಇವುಗಳನ್ನು ತೆಗೆದು ತೊಳೆಯಬೇಕು. ಷಾಫ್ಟಿನ ತುದಿಗಳ ಬಳಿ ತೂಕ ಸರಿಮಾಡಲು ತಯಾರಕರು ಬೆಸೆದಿರುವ ಸಣ್ಣ ಉಕ್ಕಿನ ಬಿಲ್ಲೆಗಳಿರುತ್ತವೆ. ಬಿಲ್ಲೆ ಉದುರಿದ ಸ್ಥಳದಲ್ಲಿ ಬೆಸುಗೆಯ ಗುರುತು ಮಾತ್ರ ಉಳಿದಿರುವುದು. ಕಲ್ಲಿಗೆ ತಾಗಿ ಕೊಳವೆ ನೆಗ್ಗಿದೆಯೇ ಎಂದು ಕೈಯಾಡಿಸಿ ನೋಡಬೇಕು. ಹಿಂದಿನ ಚಕ್ರಗಳೆರಡನ್ನೂ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಎತ್ತಿ, ಮುಂದಿನ ಚಕ್ರಗಳಿಗೆ ತಡೆ ಕೊಟ್ಟು, ಎಂಜಿನನ್ನು ನಿಲ್ಲಿಸಿ, ಷಾಫ್ಟನ್ನು ಕೈಯಿಂದ ತಿರುಗಿಸುತ್ತ, ಅಲುಗದಂತೆ ನಿಲ್ಲಿಸಿದ ಸೀಮೆಸುಣ್ಣದ ತುದಿಯನ್ನು ಅದಕ್ಕೆ ಸಮೀಪಿಸಿದರೆ, ಸೊಟ್ಟಗಾದ ಷಾಫ್ಟಿನಲ್ಲಿ ಉಬ್ಬಿದ ಪಕ್ಕಕ್ಕೆ ಮಾತ್ರ ಗುರುತು ಬೀಳುವುದು. ನೆಗ್ಗಿದ ಅಥವಾ ಸೊಟ್ಟಗಾದ ಷಾಫ್ಟನ್ನು ಸುತ್ತಿಗೆಯಿಂದ ಹೊಡೆದು ಸರಿಮಾಡುವುದು ಕೂಡದು. ಅದನ್ನು ಬದಲಾಯಿಸಬೇಕು, ಇಲ್ಲವೆ ಷಾಫ್ಟು ತಿರುಗಿಸಿ ತೂಕ ನೋಡುವ ಯಂತ್ರವಿರುವ ಪಟ್ಟಣದ ಕಾರ್ಖಾನೆಗೆ ಕಳುಹಿಸಬೇಕು.

7. ಕೀಲುಗಳ ಕೋನವೂ ಕವಲುಗಳ ಜೋಡಣೆಯೂ.— ಸಂಖ್ಯೆ 80ರ ಸಮೀಪ ಬಂದು, ಗೇರು ಬದಲಿಸಿದರೂ ಬದಲಾಗದಿದ್ದರೆ ಈ ಭಾಗವನ್ನು ಗಮನವಿಟ್ಟು ಓದತಕ್ಕದ್ದು. ಈ ಕೀಲಿಗೆ ಇಟಲಿಯ ಕಾರ್ಡಾನೊ (1501-1576) ಎಂಬುವನ ಹೆಸರೂ, ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ (1635-1703) ಎಂಬುವನ ಹೆಸರೂ ಅಂಟಿಕೊಂಡಿವೆ. ಇದಕ್ಕೆ ಒಂದು ಸ್ವಭಾವದೋಷವಿದೆ. ಬಾಗಿದ ಸ್ಥಿತಿಯಲ್ಲಿ ಇದರ ಒಂದು ಪಕ್ಕವನ್ನು ಸಮವೇಗದಲ್ಲಿ ತಿರುಗಿಸಿದರೆ, ಇನ್ನೊಂದು ಪಕ್ಕವು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಮುಂದೋಡಿ ಎರಡು ಸಲ ಹಿಂದೆಬೀಳುವುದು. ಕೋನವು 5 ಡಿಗ್ರಿಯಾದರೆ ಈ ಏರಿಳಿತವು ಶೇಕಡ ಅರ್ಧಕ್ಕಿಂತ ಕಡಿಮೆ. 10 ಡಿಗ್ರಿಯಾದರೆ ಮೇಲಕ್ಕೆ ಶೇಕಡ ಒಂದೂವರೆ, ಕೆಳಕ್ಕೆ ಶೇಕಡ ಒಂದೂವರೆ. ಕೋನ ಎರಡರಷ್ಟಾದರೆ ಏರಿಳಿತವು ಸುಮಾರು ನಾಲ್ಕರಷ್ಟಾಗುವುದೆಂಬುದನ್ನು ಗಮನಿಸಬೇಕು.

ಹಾಗಾದರೆ ಎಲ್ಲ ಗಾಡಿಗಳೂ ಏಕೆ ನಡುಗುವುದಿಲ್ಲ? ಹಿಂದಿನ ಕೀಲು ಮುಂದಿನ ಕೀಲಿನ ತಪ್ಪನ್ನು ತಿದ್ದುವುದರಿಂದಲೇ. ಆದರೆ ತಿದ್ದಬೇಕಾದರೆ ಎರಡು ನಿಯಮಗಳು ಪಾಲನೆಯಾಗಬೇಕು. ಮೊದಲನೆಯದು, ಎರಡು ಕೀಲುಗಳ ಕೋನಗಳೂ ಸಮನಾಗಿರಬೇಕು. ಎರಡನೆಯದು, ಷಾಫ್ಟಿನ ಎರಡು ತುದಿಗಳ ಕವಲುಗಳೂ ಒಂದೇ ಸಮತಲದಲ್ಲಿರಬೇಕು. ನೇಗಿಲಿಗೆ ಹೂಡಿದ ಎರಡು ಎತ್ತುಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿದಂತೆ ಇವು ಕೂಡಿ ನಡೆಯಬೇಕು.

ಹೊಸ ಗಾಡಿಯಲ್ಲಿ ಈ ನಿಯಮಗಳು ಮುರಿಯುವುದು ಬಹುಶಃ ಎರಡು ಸಂದರ್ಭಗಳಲ್ಲಿ. ಹೆಚ್ಚು ಭಾರ ಹೇರುವ ಆಸೆಯಿಂದ ಹಿಂದಿನ ಕಮಾನಿಗೆ ಒಂದೆರಡು ಪಟ್ಟಿಗಳನ್ನು ಸೇರಿಸುವುದು ಮೊದಲನೆಯದು. ಪಟ್ಟಿ ಸೇರಿದಾಗ ಗಾಡಿಯ ಹಿಂಭಾಗ ಎತ್ತರವಾಗಿ, ಷಾಫ್ಟಿನ ಇಳಿಜಾರು ಹೆಚ್ಚಿ, ಅಚ್ಚಿನ ಮೂತಿಯ ಓರೆಯೂ ಬದಲಾಗಬಹುದು. ಬರಿಗಾಡಿಯಲ್ಲಿ ನಡುಕವಿದ್ದು ಭಾರ ಹೇರಿದಾಗ ಕಡಿಮೆಯಾದರೆ ಇದೇ ಕಾರಣವೆಂದು ಬಲವಾಗಿ ಸಂದೇಹಿಸಬಹುದು. ಎರಡನೆಯ ಸಂದರ್ಭವು ಕ್ಲಚ್ಚಿನ ರಿಪೇರಿ. ಷಾಫ್ಟನ್ನು ಕಳಚುವಾಗ ಗುರುತು ಹಾಕದೆ, ಜಾರುವ ಭಾಗದ ಹಲ್ಲುಗಳನ್ನು ಮತ್ತೆ ಕೂಡಿಸುವಾಗ ಒಂದೆರಡು ಹಲ್ಲು ಆಚೀಚೆ ಮಾಡಿಬಿಟ್ಟರೆ ಕವಲುಗಳ ಸಮತಲ ತಪ್ಪುವುದು. ಗಾಡಿಯು ರಿಪೇರಿಗೆ ಮುನ್ನ ಸರಿಯಾಗಿದ್ದು ಅನಂತರ ನಡುಗತೊಡಗಿದರೆ ಮೊದಲು ನೋಡಬೇಕಾದುದು ಇದನ್ನೇ. ಷಾಫ್ಟಿನ ಮೇಲೆ ತಯಾರಕರು ಕೊರೆದ ಬಾಣದ ಗುರುತುಗಳಿದ್ದರೆ ಅವು ಒಂದಕ್ಕೊಂದು ಎದುರಾಗಿರಬೇಕು.

ಕೋನವನ್ನು ಅಳೆಯಲು ಗಾಡಿಯನ್ನು ಸಮನೆಲದಲ್ಲಿ, ಚಕ್ರಗಳ ಮೇಲೆಯೇ, ಸಾಧಾರಣವಾದ ಭಾರದೊಡನೆ ನಿಲ್ಲಿಸಬೇಕು. ಅಚ್ಚನ್ನು ಜೋತುಬಿಟ್ಟು ಅಳೆದರೆ ಪ್ರಯೋಜನವಿಲ್ಲ. ಗೇರು ಪೆಟ್ಟಿಗೆಯ ತುದಿ, ಷಾಫ್ಟು, ಅಚ್ಚಿನ ಮೂತಿ ಈ ಮೂರರ ಓರೆಯನ್ನು ಡಿಗ್ರಿ ತೋರಿಸುವ ಮಟ್ಟದಿಂದ ಅಳೆದು, ಒಂದರಿಂದ ಒಂದನ್ನು ಕಳೆದರೆ ಕೀಲುಗಳ ಕೋನ ಸಿಕ್ಕುವುದು. ಪ್ರತಿಯೊಂದು ಕೀಲಿನ ಕೋನವೂ ಸುಮಾರು 1ರಿಂದ 3 ಡಿಗ್ರಿಗಳೊಳಗಿದ್ದು, ಎರಡರ ನಡುವಣ ವ್ಯತ್ಯಾಸವು 1 ಡಿಗ್ರಿಯನ್ನು ಮೀರದಿರುವುದು ಸಾಧಾರಣ ನಿಯಮ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ. ಕೋನವೇ ಇಲ್ಲದಿರುವುದೂ ಒಳ್ಳೆಯದಲ್ಲ. ಆಗ ಕೀಲಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಕಡೆ ಒತ್ತಿಕೊಂಡು ಗುಳಿ ಬೀಳುವುವು. ದೋಷ ಕಂಡರೆ ಸೇರಿಸಿದ ಪಟ್ಟಿಗಳನ್ನು ತೆಗೆಸುವುದೇ ಉತ್ತಮವಾದ ಪರಿಹಾರ. ಅಚ್ಚಿಗೂ ಕಮಾನಿಗೂ ನಡುವೆ ಇಡುವ ಉಕ್ಕಿನ ಓರೆಬೆಣೆಗಳಿಂದಲೂ ಮೂತಿಯ ಓರೆಯನ್ನು ತಿದ್ದಬಹುದು. ಆದರೆ ಇದನ್ನು ತಿಳಿದವರಿಂದಲೇ ಮಾಡಿಸಿ, ಯು ಬೋಲ್ಟುಗಳನ್ನು ತಯಾರಕರು ಹೇಳಿದಷ್ಟು ಬಿಗಿಗೊಳಿಸಿ, ಕೆಲವು ದಿನ ಓಡಿದ ಮೇಲೆ ಪುನಃ ಪರೀಕ್ಷಿಸತಕ್ಕದ್ದು.

8. ಕ್ರಾಸು ಮತ್ತು ನಡುವಣ ಬೇರಿಂಗು.— ಚಕ್ರಗಳಿಗೆ ತಡೆ ಕೊಟ್ಟು, ಗೇರನ್ನು ಬಿಡಿಸಿ, ಷಾಫ್ಟನ್ನು ಎರಡು ಕೈಗಳಿಂದಲೂ ಹಿಡಿದು ಹಿಂದುಮುಂದಾಗಿ ತಿರುಚಿ, ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ನೋಡಬೇಕು. ಕ್ರಾಸಿನ ಬಳಿ ಕಣ್ಣಿಗೆ ಕಾಣುವಷ್ಟು ಸಡಿಲವಿದ್ದರೆ ಅದನ್ನು ಬದಲಾಯಿಸಲೇಬೇಕು. ಕೀಲಿನ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಇರುವುದು, ಮೆಲ್ಲನೆ ಹೋಗುವಾಗ ಕಿಚಕಿಚ ಶಬ್ದ ಬರುವುದು, ಗೇರು ಹಾಕಿದೊಡನೆ ಟಕ್ಕೆಂದು ಹೊಡೆದುಕೊಳ್ಳುವುದು ಇವು ಗ್ರೀಸಿಲ್ಲದೆ ಒಣಗಿದ ಕೀಲಿನ ಲಕ್ಷಣಗಳು. ಗ್ರೀಸು ಹಾಕುವಾಗ ನಾಲ್ಕು ಬಟ್ಟಲುಗಳಿಂದಲೂ ಹೊಸ ಗ್ರೀಸು ಹೊರಬರುವವರೆಗೆ ಒತ್ತಬೇಕು; ಒಂದು ಕಡೆಯಿಂದ ಬಾರದಿದ್ದರೆ ಆ ಬಟ್ಟಲು ಒಣಗಿಯೇ ಇರುವುದು. ಕೆಲವು ಹೊಸ ಗಾಡಿಗಳ ಕ್ರಾಸುಗಳಿಗೆ ಗ್ರೀಸು ಹಾಕುವ ಮೊಲೆಯೇ ಇರುವುದಿಲ್ಲ. ಅಂತಹವು ಸವೆದಾಗ ಬದಲಿಸತಕ್ಕವು.

ಉದ್ದವಾದ ಗಾಡಿಗಳಲ್ಲಿ ಷಾಫ್ಟನ್ನು ಎರಡು ತುಂಡುಗಳಾಗಿ ಮಾಡಿ ನಡುವೆ ರಬ್ಬರು ಸುತ್ತಿನ ಬೇರಿಂಗಿನಲ್ಲಿ ತೂಗಿಸಿರುತ್ತಾರೆ. ಇದಕ್ಕೆ ಕಾರಣವುಂಟು. ಪ್ರತಿಯೊಂದು ಷಾಫ್ಟಿಗೂ ತಾನಾಗಿಯೇ ಬಿಲ್ಲಿನಂತೆ ಬಾಗಿ ಕುಣಿಯುವ ಒಂದು ವೇಗವಿದೆ; ಉದ್ದ ಎರಡರಷ್ಟಾದರೆ ಆ ವೇಗವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು. ಆದುದರಿಂದ ಗಾಡಿಯ ಚೌಕಟ್ಟನ್ನು ಉದ್ದಮಾಡಿಸಿ ಷಾಫ್ಟಿಗೆ ಕೊಳವೆ ಬೆಸೆಯಿಸುವುದು ಬಹು ಅಪಾಯಕರ. ನಡುವಣ ಬೇರಿಂಗಿನ ರಬ್ಬರು ಹರಿದಿದ್ದರೆ, ನಿಂತಲ್ಲಿಂದ ಹೊರಟು ಗಂಟೆಗೆ 10-25 ಕಿಲೋಮೀಟರು ಆಗುವವರೆಗೆ, ವಿಶೇಷವಾಗಿ ಭಾರ ಹೇರಿ ಏರು ಹತ್ತುವಾಗ, ಗಾಡಿಯು ನಡುಗಿ ಆಮೇಲೆ ಶಾಂತವಾಗುವುದು.

9. ಮುಂದಿನ ಚಕ್ರಗಳಿಂದ ಓಡುವ ಕಾರುಗಳು.— ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಉದ್ದದ ಷಾಫ್ಟು ಇರುವುದಿಲ್ಲ. ಎರಡು ಗಿಡ್ಡ ಷಾಫ್ಟುಗಳು ಮುಂದಿನ ಚಕ್ರಗಳಿಗೆ ಹೋಗುತ್ತವೆ. ಇವುಗಳ ಕೀಲುಗಳು ಎಷ್ಟು ಬಾಗಿದರೂ ಸಮವೇಗವನ್ನೇ ಕೊಡುವ ಬೇರೆ ಜಾತಿಯವು. ಹೊರಗಿನ ಕೀಲು ಸವೆದರೆ ತಿರುವಿನಲ್ಲಿ ಟಕಟಕನೆ ಸದ್ದಾಗುವುದು. ಒಳಗಿನದು ಸವೆದರೆ ವೇಗ ಹೆಚ್ಚಿಸುವಾಗ ಕಾರು ಎಡಬಲಕ್ಕೆ ಓಲಾಡಿ ನಡುಗಿ, ಕಾಲು ತೆಗೆದೊಡನೆ ನಿಲ್ಲುವುದು. ಕೀಲಿನ ರಬ್ಬರು ಗವುಸು ಹರಿದು ಗ್ರೀಸು ಹೊರಚೆಲ್ಲಿದರೆ ಕೂಡಲೇ ಬದಲಾಯಿಸಬೇಕು. ಮಣ್ಣು ಒಳಹೊಕ್ಕ ಮೇಲೆ ಕೀಲು ಬಹುಕಾಲ ಬಾಳದು.

10. ಟ್ರಾಕ್ಟರಿನ ಷಾಫ್ಟಿಗೂ ಇದೇ ನ್ಯಾಯ.— ರೊಟವೇಟರು ಮೊದಲಾದ ಉಪಕರಣಗಳಿಗೆ ಟ್ರಾಕ್ಟರಿನಿಂದ ಶಕ್ತಿ ಕೊಡುವ ಷಾಫ್ಟಿನಲ್ಲಿಯೂ ಇದೇ ಬಗೆಯ ಎರಡು ಕೀಲುಗಳಿವೆ. ಕವಲುಗಳು ಒಂದೇ ಸಮತಲದಲ್ಲಿರಬೇಕು, ಕೋನಗಳು ಸಮನಾಗಿರಬೇಕು ಎಂಬ ನಿಯಮಗಳು ಇಲ್ಲಿಯೂ ಅನ್ವಯಿಸುತ್ತವೆ. ಉಪಕರಣವನ್ನು ಪೂರ್ತಿ ಎತ್ತುವ ಮುಂಚೆ ಷಾಫ್ಟಿನ ತಿರುಗುವಿಕೆಯನ್ನು ನಿಲ್ಲಿಸತಕ್ಕದ್ದು. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 8 ಸೆಂಟಿಮೀಟರು ದಪ್ಪದ ಷಾಫ್ಟು ಆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುವುದು. ಎಂಟು ಮೊಳದ ಪಂಚೆಯು ಎರಡು ಸೆಕೆಂಡಿನೊಳಗೆ ಉಟ್ಟವನ ಸಹಿತ ಎಳೆಯಲ್ಪಡುವುದು. ಆದುದರಿಂದ ಷಾಫ್ಟಿನ ಮೇಲಣ ರಕ್ಷಣೆಯ ಹೊದಿಕೆಯನ್ನು ಯಾವ ಕಾರಣಕ್ಕೂ ತೆಗೆದಿಡಕೂಡದು. ಸೀರೆಯ ಸೆರಗು, ಪಂಚೆ, ಟವೆಲು ಇವುಗಳೊಡನೆ ಅದರ ಹತ್ತಿರ ಯಾರನ್ನೂ ಬಿಡಕೂಡದು.

11. ಕೆಲಸ ಮಾಡುವಾಗ ಎಚ್ಚರಿಕೆ.— ಬರಿ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಕೂಡದು. ಇಟ್ಟಿಗೆ, ಸೈಜುಗಲ್ಲುಗಳು ಸ್ಟ್ಯಾಂಡುಗಳಿಗೆ ಬದಲಾಗಲಾರವು. ಗಾಡಿಯ ಕೆಳಗೆ ಮನುಷ್ಯನಿರುವಾಗ ಬೀಗದ ಕೈ ಅವನ ಜೇಬಿನಲ್ಲಿಯೇ ಇರಬೇಕು. ಷಾಫ್ಟನ್ನು ಕಳಚುವ ಮೊದಲು ಎರಡು ತುದಿಗಳಲ್ಲಿಯೂ, ಜಾರುವ ಭಾಗದಲ್ಲಿಯೂ ಬಣ್ಣದ ಗೆರೆ ಎಳೆದು, ಪುನಃ ಅದೇ ಗೆರೆಗೆ ಕೂಡಿಸುವಂತೆ ಕೆಲಸಗಾರನಿಗೆ ಎದುರಿಗೇ ಹೇಳಬೇಕು. ಈ ಒಂದು ಗೆರೆಯಿಂದ ತಪ್ಪುವ ನಷ್ಟವು ಅಪಾರ.

12. ಖಾತರಿಯ ಅವಧಿಯಲ್ಲಿ.— ಗಾಡಿಯು ಖಾತರಿಯ ಅವಧಿಯೊಳಗಿದ್ದರೆ ಒಡೆಯನು ತಾನೇ ಏನನ್ನೂ ಕಳಚದೆ, ಮೇಲೆ ಹೇಳಿದ ಪರೀಕ್ಷೆಗಳ ಫಲವನ್ನು ಬರೆದು ಮಾರಾಟಗಾರರಿಗೆ ಕೊಟ್ಟು, ಜಾಬ್ ಕಾರ್ಡಿನಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. “ಗಾಡಿ ನಡುಗುತ್ತದೆ” ಎಂದು ಬರೆಸುವುದಕ್ಕಿಂತ “ಗಂಟೆಗೆ 80 ಕಿಲೋಮೀಟರಿನಲ್ಲಿ, ನಾಲ್ಕು ಮತ್ತು ಐದನೆಯ ಗೇರುಗಳಲ್ಲಿ ಸಮಾನವಾಗಿ, ಸೆಕೆಂಡಿಗೆ 40 ಸಲ ಅದುರುತ್ತದೆ” ಎಂದು ಬರೆಸುವುದು ಬಲವಾದ ಆಧಾರ. ಅವರ ಕೆಲಸಗಾರನನ್ನು ಜೊತೆಯಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಬೇಕು. ಸ್ವಂತ ಉಪಯೋಗಕ್ಕಾಗಲಿ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಲಿ ಕೊಂಡ ಗಾಡಿಯ ದೋಷವನ್ನು ಸರಿಪಡಿಸಿಕೊಡದಿದ್ದರೆ, 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರಿನ ಕಾರಣವು ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಕೊಡಬೇಕಾದುದರಿಂದ ಕಾಗದಪತ್ರಗಳನ್ನು ಜೋಪಾನವಾಗಿಡತಕ್ಕದ್ದು. ಕಮಾನಿಗೆ ಪಟ್ಟಿ ಸೇರಿಸಿದ ಗಾಡಿಯ ವಿಷಯದಲ್ಲಿ ಮಾರಾಟಗಾರರು ಖಾತರಿಯನ್ನು ನಿರಾಕರಿಸಲು ಆಸ್ಪದವಿದೆಯೆಂಬುದನ್ನೂ ಮರೆಯಬಾರದು.

ಉಪಸಂಹಾರ.— ಮೊದಲು ತೊಳೆದು ನೋಡುವುದು, ಎರಡನೆಯದಾಗಿ ಓಡಿಸಿ ಎಣಿಸುವುದು, ಮೂರನೆಯದಾಗಿ ಕೈಯಿಂದ ಅಲ್ಲಾಡಿಸಿ ಪರೀಕ್ಷಿಸುವುದು, ನಾಲ್ಕನೆಯದಾಗಿ ಕೋನ ಅಳೆಯುವುದು, ಕೊನೆಯಲ್ಲಿ ಮಾತ್ರ ಭಾಗವನ್ನು ಬದಲಾಯಿಸುವುದು. ಈ ಕ್ರಮವನ್ನು ಹಿಂದುಮುಂದು ಮಾಡಕೂಡದು. ಮೊದಲ ಎರಡು ಕೆಲಸಗಳಿಗೆ ಅರ್ಧ ದಿನ ಸಾಕು, ಹಣ ಬೇಕಾಗುವುದಿಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಗಾಡಿಗಳ ಚಾಲಕರಿಗೆ ಈ ವಿಷಯಗಳನ್ನು ಓದಿ ಹೇಳಿ, ಟೈರಿನ ಅಳತೆಯನ್ನೂ ಅಚ್ಚಿನ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲಿಯೇ ಇರಿಸಿದರೆ, ನಡುಕವು ಕಾಣಿಸಿಕೊಂಡ ದಿನ ಹುಡುಕಾಡಬೇಕಾದುದಿಲ್ಲ. ಕಾರಣ ತಿಳಿಯದ ನಡುಕವಿರುವ ಗಾಡಿಯಲ್ಲಿ, ಅದು ತಿಳಿಯುವವರೆಗೆ, ಜನರನ್ನು ಕೂರಿಸಿಕೊಂಡು ವೇಗವಾಗಿ ಹೋಗದಿರುವುದು ಒಡೆಯನ ಕರ್ತವ್ಯವಾಗಿರುತ್ತದೆ.